ಹಳಿ ಕಿತ್ತ ದಾರಿಯೋ, ಕುದುರೆ ದಾರಿಯೋ? ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಸೈಕಲ್ ತುಳಿಯುವವರಿಗೆ

ಮ್ಯಾಂಚೆಸ್ಟರ್, ಶೆಫೀಲ್ಡ್, ಡರ್ಬಿ, ನಾಟಿಂಗ್‌ಹ್ಯಾಮ್ ಕಡೆ ಇರುವ ಕನ್ನಡದವರಿಗೆ ಒಂದು ದೊಡ್ಡ ಅನುಕೂಲವಿದೆ. ಪೀಕ್ ಡಿಸ್ಟ್ರಿಕ್ಟ್ ಪಕ್ಕದಲ್ಲೇ ಇದೆ. 1951ರಲ್ಲಿ ಆದ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್ ಇದು. ಚಳಿ ಸ್ವಲ್ಪ ಕಡಿಮೆಯಾಗಿ ಸಂಜೆ ಬೆಳಕು ಉದ್ದವಾಗುತ್ತಿದ್ದ ಹಾಗೆ ಗೆಳೆಯರು ಕೇಳಲು ಶುರು ಮಾಡುತ್ತಾರೆ: 'ಮೌಂಟನ್ ಬೈಕ್ ತಗೊಳ್ಳೋಣ ಅಂತಿದ್ದೀನಿ, ಯಾವುದು ಒಳ್ಳೇದು?' ನಾನು ತಿರುಗಿ ಕೇಳುವುದು ಎರಡೇ. ಎಲ್ಲಿ ಓಡಿಸ್ತೀರಿ? ಯಾರ ಜೊತೆ?

ಯಾಕೆಂದರೆ ಇಲ್ಲಿ ಎರಡು ಬಗೆಯ ದಾರಿಗಳಿವೆ. ಒಂದು, ರೈಲು ನಿಂತು ಹಳಿ ಕಿತ್ತ ಮೇಲೆ ಉಳಿದ ದಾರಿ. ಇನ್ನೊಂದು, ಬೆಟ್ಟ, ಹೊಲ, ಬಯಲುಗಳ ಮೇಲೆ ಹಾದು ಹೋಗುವ ಬ್ರಿಡಲ್‌ವೇ, ಅಂದರೆ ಕುದುರೆ ಸವಾರರ ಹಳೆಯ ದಾರಿ. ಎರಡೂ ಒಂದೇ ಕಣಿವೆಯಲ್ಲಿ ಅಕ್ಕಪಕ್ಕ ಇರಬಹುದು. ಆದರೆ ಒಂದಕ್ಕೆ ಹೊಂದುವ ಸೈಕಲ್, ಬಟ್ಟೆ, ಮನಸ್ಸು ಇನ್ನೊಂದಕ್ಕೆ ಹೊಂದುವುದಿಲ್ಲ. ಮೊದಲು ದಾರಿ ಆರಿಸಿ, ಆಮೇಲೆ ಸೈಕಲ್.

ಏರು ಯಾಕೆ ಬೇರೆ

ಹಬೆ ಎಂಜಿನ್‌ಗೆ ಏರು ಅಂದರೆ ಆಗುತ್ತಿರಲಿಲ್ಲ. ಐವತ್ತು ಅಡಿ ಹೋದರೆ ಒಂದು ಅಡಿ ಏರುವ ದಾರಿಯೇ ಅದಕ್ಕೆ ಕಷ್ಟ. ಹಾಗಾಗಿ ಎಂಜಿನಿಯರುಗಳು ಗುಡ್ಡ ಬಂದರೆ ಸುರಂಗ ಕೊರೆದರು, ಹಳ್ಳ ಬಂದರೆ ಕಮಾನು ಸೇತುವೆ ಕಟ್ಟಿದರು. ಅಂದು ರೈಲಿಗಾಗಿ ಪಟ್ಟ ಕಷ್ಟದ ಲಾಭ ಇಂದು ನಮ್ಮ ಮೊಣಕಾಲಿಗೆ ಸಿಗುತ್ತಿದೆ. ನಷ್ಟದ ರೈಲು ದಾರಿಗಳನ್ನು ಮುಚ್ಚಲು ಹೇಳಿದ 1963ರ ಬೀಚಿಂಗ್ ವರದಿಯ ಹೊತ್ತಿನಲ್ಲಿ ದೇಶದುದ್ದಕ್ಕೂ ಸಾವಿರಾರು ಮೈಲಿ ರೈಲು ದಾರಿಗಳು ಮುಚ್ಚಿದವು. ಅವುಗಳಲ್ಲಿ ಎಷ್ಟೋ ತುಂಡುಗಳು ಹೊಲ ಸೇರಿದವು, ಕೆಲವು ಸೈಕಲ್ಲಿಗೆ ಉಳಿದವು.

ಬ್ರಿಡಲ್‌ವೇಗಳ ಕತೆಯೇ ಬೇರೆ. ಕುದುರೆ ಮೇಲೆ ಉಪ್ಪು, ಉಣ್ಣೆ, ಸೀಸ ಹೇರಿಕೊಂಡು ಹೋಗುತ್ತಿದ್ದ ವ್ಯಾಪಾರಿಗಳು, ಸಂತೆಗೆ ದನ ಹೊಡೆದುಕೊಂಡು ಹೋಗುತ್ತಿದ್ದ ರೈತರು ಮಾಡಿದ ದಾರಿ ಅವು. ಕುದುರೆ ಏರಿಗೆ ಹೆದರುವುದಿಲ್ಲ. ಆದ್ದರಿಂದ ದಾರಿ ನೇರವಾಗಿ ಬೆಟ್ಟದ ನೆತ್ತಿಗೆ ಹೋಗುತ್ತದೆ, ನೇರವಾಗಿ ಇಳಿಯುತ್ತದೆ. ಬಂಡೆ, ಕೊರಕಲು, ಕೆಸರು ಎಲ್ಲವೂ ಇರುತ್ತದೆ.

ಕಾನೂನು ಗೊತ್ತಿರಲಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫುಟ್‌ಪಾತ್ ಎಂದು ಗುರುತಿಸಿದ ದಾರಿಯಲ್ಲಿ ಸೈಕಲ್ ಓಡಿಸುವ ಹಕ್ಕು ನಮಗಿಲ್ಲ. ಬ್ರಿಡಲ್‌ವೇಯಲ್ಲಿ ಇದೆ. 1968ರ ಕಂಟ್ರಿಸೈಡ್ ಕಾಯ್ದೆ ಆ ಹಕ್ಕು ಕೊಟ್ಟಿತು, ಜೊತೆಗೆ ಒಂದು ಷರತ್ತನ್ನೂ ಇಟ್ಟಿತು: ನಡೆಯುವವರಿಗೂ ಕುದುರೆ ಸವಾರರಿಗೂ ನಾವೇ ದಾರಿ ಬಿಡಬೇಕು. ಕಂಬದ ಮೇಲಿನ ಬಾಣದ ಬಣ್ಣ ನೋಡಿದರೆ ತಿಳಿಯುತ್ತದೆ. ಹಳದಿ ಬಾಣ ಫುಟ್‌ಪಾತ್, ಅಲ್ಲಿಗೆ ಹೋಗಬೇಡಿ. ನೀಲಿ ಬಾಣ ಬ್ರಿಡಲ್‌ವೇ, ಹೋಗಬಹುದು. ನೇರಳೆ ಮತ್ತು ಕೆಂಪು ಬಾಣದ ಬೈವೇಗಳಲ್ಲೂ ಸೈಕಲ್ ಓಡಿಸಬಹುದು.

ಆರ್ಡ್‌ನೆನ್ಸ್ ಸರ್ವೆಯ 1:25,000 ನಕ್ಷೆಯಲ್ಲಿ ಇವೆಲ್ಲ ಹಸಿರು ಗೆರೆಗಳು. ಚಿಕ್ಕ ಚಿಕ್ಕ ಗೆರೆ ಇದ್ದರೆ ಫುಟ್‌ಪಾತ್, ಉದ್ದುದ್ದ ಗೆರೆ ಇದ್ದರೆ ಬ್ರಿಡಲ್‌ವೇ. ಪೀಕ್ ಡಿಸ್ಟ್ರಿಕ್ಟ್‌ನ ಉತ್ತರ ಭಾಗಕ್ಕೆ ಒಎಲ್ 1, ದಕ್ಷಿಣಕ್ಕೆ ಒಎಲ್ 24 ತೆಗೆದುಕೊಳ್ಳಿ. ಫೋನ್ ಇದೆಯಲ್ಲ ಅನ್ನಬೇಡಿ. ಕಣಿವೆಗಳಲ್ಲಿ ಸಿಗ್ನಲ್ ಹೋಗುತ್ತದೆ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಸ್ಕಾಟ್ಲೆಂಡಿಗೆ ಹೋದರೆ ನಿಯಮ ಬೇರೆ. 2003ರ ಭೂ ಸುಧಾರಣಾ ಕಾಯ್ದೆಯಿಂದ ಅಲ್ಲಿ ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಎಲ್ಲ ಕಡೆ ಓಡಾಡಬಹುದು. ಅಲ್ಲಿನ ಅಭ್ಯಾಸವನ್ನು ಇಲ್ಲಿ ತರಬೇಡಿ.

ಹಳಿ ದಾರಿಗಳಲ್ಲಿ ಯಾವುದು?

ಮೊದಲ ಸಲ ಹೋಗುವವರಿಗೆ ಮಾನ್ಸಲ್ ಟ್ರೇಲ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಬೇಕ್‌ವೆಲ್‌ನಿಂದ ಬಕ್ಸ್‌ಟನ್ ಹತ್ತಿರದ ಬ್ಲ್ಯಾಕ್‌ವೆಲ್ ಮಿಲ್‌ವರೆಗೆ ಎಂಟೂವರೆ ಮೈಲಿ, ಸುಮಾರು 14 ಕಿಲೋಮೀಟರ್. 1863ರಲ್ಲಿ ಶುರುವಾದ ಮಿಡ್‌ಲ್ಯಾಂಡ್ ರೈಲ್ವೆಯ ಈ ದಾರಿ 1968ರಲ್ಲಿ ಮುಚ್ಚಿತು. ಹೆಡ್‌ಸ್ಟೋನ್, ಕ್ರೆಸ್‌ಬ್ರುಕ್, ಲಿಟ್ಟನ್, ಚೀ ಟಾರ್ ಎಂಬ ನಾಲ್ಕು ಸುರಂಗಗಳು ಅಪಾಯವೆಂದು ಎಷ್ಟೋ ವರ್ಷ ಬೀಗ ಹಾಕಿಕೊಂಡಿದ್ದವು. ಆಗ ಸುರಂಗ ಬಂದಲ್ಲಿ ಸೈಕಲ್ ದಾರಿಯೇ ಮುಗಿಯುತ್ತಿತ್ತು. 2011ರಲ್ಲಿ ಅವನ್ನು ದುರಸ್ತಿ ಮಾಡಿ, ದೀಪ ಹಾಕಿ ತೆರೆದರು. ಒಂದೊಂದೂ ಸುಮಾರು 400 ಮೀಟರ್ ಉದ್ದ. ಬೇಸಿಗೆಯಲ್ಲೂ ಒಳಗೆ ಥಂಡಿ, ಮೇಲಿಂದ ನೀರು ತೊಟ್ಟಿಕ್ಕುತ್ತದೆ. ಮಕ್ಕಳಿಗೆ ಒಂದು ಜಾಕೆಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಹಗಲು ಹೊತ್ತಿನಲ್ಲಿ ಮಾತ್ರ ದೀಪ ಇರುತ್ತದೆ. ಅದಕ್ಕೇ ಚಳಿಗಾಲದ ಸಂಜೆ ಸೈಕಲ್‌ಗೆ ಸ್ವಂತ ಲೈಟ್ ಇರಲೇಬೇಕು.

ಹೆಡ್‌ಸ್ಟೋನ್ ಸುರಂಗದಿಂದ ಹೊರಗೆ ಬಂದ ಕೂಡಲೇ ಕಣಿವೆಯ ಮೇಲಿನ ದೊಡ್ಡ ಕಮಾನು ಸೇತುವೆ. ಕೆಳಗೆ ವೈ ನದಿ. ಈ ರೈಲು ಬಂದಾಗ ಲೇಖಕ ಜಾನ್ ರಸ್ಕಿನ್ ಕೆಂಡವಾಗಿದ್ದರು, ಚಂದದ ಕಣಿವೆ ಹಾಳಾಯಿತು ಅಂತ. ಈಗ ಜನ ಆ ಸೇತುವೆಯ ಫೋಟೋ ತೆಗೆಯಲೆಂದೇ ಬರುತ್ತಾರೆ. ಮುಂದೆ ಸಿಗುವ ಲಿಟ್ಟನ್ ಮಿಲ್ ಹತ್ತಿ ಗಿರಣಿಯಲ್ಲಿ ಅನಾಥ ಮಕ್ಕಳನ್ನು ಕೂಲಿಗೆ ಇಟ್ಟು ಹಿಂಸಿಸಿದ ಕತೆ ಇದೆ. ಜೊತೆಗೆ ದೊಡ್ಡ ಮಕ್ಕಳಿದ್ದರೆ ಅಲ್ಲಿ ನಿಂತು ಹೇಳಿ. ಚಂದದ ಕಣಿವೆ ಅಷ್ಟೇ ಅಲ್ಲ, ಜನ ದುಡಿದ ಕಣಿವೆ ಇದು.

ಬೇಕ್‌ವೆಲ್ ಕಡೆಯಿಂದ ಶುರು ಮಾಡಿ. ನದಿ ಹರಿದು ಬರುವುದು ಆ ಕಡೆಗೇ. ಅಂದರೆ ಹೋಗುವಾಗ ಗೊತ್ತಾಗದಷ್ಟು ಸಣ್ಣ ಏರು, ಬರುವಾಗ ಇಳಿಜಾರು. ಹಾಸಪ್ ಸ್ಟೇಷನ್ನಿನಲ್ಲಿ ಬಾಡಿಗೆ ಸೈಕಲ್, ಊಟ ಎರಡೂ ಇದೆ. ಇದಕ್ಕಿರುವ ದೊಡ್ಡ ಕೊರತೆ ಜನಜಂಗುಳಿ. ಬಿಸಿಲಿರುವ ಭಾನುವಾರ ಮಧ್ಯಾಹ್ನ ಇಲ್ಲಿ ಸೈಕಲ್ ತುಳಿಯುವುದಕ್ಕಿಂತ ತಳ್ಳುವುದೇ ಜಾಸ್ತಿ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋಗಿ.

ಟಿಸಿಂಗ್‌ಟನ್ ಟ್ರೇಲ್ ಆಶ್‌ಬೋರ್ನ್‌ನಿಂದ ಪಾರ್ಸ್‌ಲಿ ಹೇವರೆಗೆ 13 ಮೈಲಿ, 21 ಕಿಲೋಮೀಟರ್. 1971ರಲ್ಲೇ ತೆರೆದದ್ದು, ಬ್ರಿಟನ್ನಿನಲ್ಲಿ ಹಳಿ ಕಿತ್ತು ಜನರಿಗೆ ಬಿಟ್ಟ ಮೊದಮೊದಲ ದಾರಿಗಳಲ್ಲಿ ಒಂದು. ಇಲ್ಲಿ ಮಾನ್ಸಲ್‌ನಷ್ಟು ನಾಟಕೀಯ ನೋಟವಿಲ್ಲ. ಆದರೆ ದೂರ ಹೋಗಬೇಕು, ಗದ್ದಲ ಬೇಡ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಆಶ್‌ಬೋರ್ನ್‌ನಿಂದ ಹೊರಟರೆ ಉದ್ದಕ್ಕೂ ನಿಧಾನ ಏರು, ಒಟ್ಟು ಇನ್ನೂರು ಮೀಟರಿನಷ್ಟು. ಕಾಲು ಹೊಸದಾಗಿರುವಾಗ ಏರು ಮುಗಿಸಿ, ದಣಿದಾಗ ಇಳಿಯುವುದು ಜಾಣತನ. ಪಾರ್ಸ್‌ಲಿ ಹೇಯಿಂದ ಶುರು ಮಾಡಿದವರಿಗೆ ಇದು ತಿರುಗಾಮುರುಗಾ ಆಗುತ್ತದೆ. ಮೊದಲು ಸುಮ್ನೆ ಜಾರಿಕೊಂಡು ಹೋಗುತ್ತಾರೆ, ವಾಪಸ್ ಬರುವಾಗ ಮಕ್ಕಳು ಅಳಲು ಶುರು ಮಾಡುತ್ತವೆ. ಮೇಲಿನ ಭಾಗ ಬಯಲು. ಮರಗಳಿಲ್ಲ, ಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ.

ಹೈ ಪೀಕ್ ಟ್ರೇಲ್ ಇನ್ನೂ ಹಳೆಯದು. ಕ್ರಾಮ್‌ಫರ್ಡ್ ಅಂಡ್ ಹೈ ಪೀಕ್ ರೈಲ್ವೆ ಶುರುವಾದದ್ದು 1830ರ ಸುಮಾರಿಗೆ, ಎಂಜಿನ್‌ಗಳನ್ನು ಜನ ಇನ್ನೂ ಬೆರಗಿನಿಂದ ನೋಡುತ್ತಿದ್ದ ಕಾಲ. ಕಾಲುವೆಯಿಂದ ಬೆಟ್ಟದ ಮೇಲಕ್ಕೆ ವ್ಯಾಗನ್‌ಗಳನ್ನು ಎಳೆಯಲು ಮಿಡಲ್‌ಟನ್ ಟಾಪ್‌ನಲ್ಲಿ 1829ರ ಹಬೆ ಯಂತ್ರ ಇಟ್ಟರು. ಅದರ ಕಟ್ಟಡವೂ ಯಂತ್ರವೂ ಇಂದಿಗೂ ಇವೆ. ಆ ಎಳೆಯುವ ಜಾಗಗಳು, ಅಂದರೆ ಶೀಪ್ ಪಾಸ್ಚರ್ ಮತ್ತು ಮಿಡಲ್‌ಟನ್ ಇಳಿಜಾರುಗಳು, ಎಂಟು ಅಡಿಗೆ ಒಂದಡಿಯ ಹತ್ತಿರದಷ್ಟು ಕಡಿದು. ಹಳಿ ದಾರಿ ಅಂದರೆ ಸಮ ಅಂದುಕೊಂಡು ಮಕ್ಕಳನ್ನು ಕ್ರಾಮ್‌ಫರ್ಡ್ ಕಡೆ ಇಳಿಯಲು ಬಿಡಬೇಡಿ, ಅಲ್ಲಿ ಇಳಿದು ನಡೆಸಿ. ಮಿಡಲ್‌ಟನ್ ಟಾಪ್‌ನಲ್ಲೇ ಶುರು ಮಾಡಿ ಪಶ್ಚಿಮಕ್ಕೆ ಹೋದರೆ, ಹಾಪ್‌ಟನ್ ಹತ್ತಿರ ಒಂದು ಗಿಡ್ಡ ಏರು ಬಿಟ್ಟರೆ ಉಳಿದದ್ದು ಸಲೀಸು.

ಉತ್ತರದ ಲಾಂಗ್‌ಡೆಂಡೇಲ್ ಟ್ರೇಲ್ ಆರೂವರೆ ಮೈಲಿ. ಮ್ಯಾಂಚೆಸ್ಟರ್‌ನಿಂದ ಹ್ಯಾಡ್‌ಫೀಲ್ಡ್‌ಗೆ ರೈಲಿನಲ್ಲೇ ಹೋಗಿ ಶುರು ಮಾಡಬಹುದು ಅನ್ನುವುದು ಅದರ ಬಲ. ಬಿಟ್ಟರೆ ಹೇಳುವಂಥದ್ದು ಕಡಿಮೆ. ವಾಪಸ್ ಬರುವಾಗ ಪಶ್ಚಿಮದ ಗಾಳಿ ಎದುರಿಗಿರುತ್ತದೆ, ಅಷ್ಟು ಶಕ್ತಿ ಉಳಿಸಿಕೊಳ್ಳಿ.

ಇನ್ನು ಮ್ಯಾನಿಫೋಲ್ಡ್ ದಾರಿ. ಹುಲ್ಮ್ ಎಂಡ್‌ನಿಂದ ವಾಟರ್‌ಹೌಸಸ್‌ವರೆಗೆ ಎಂಟು ಮೈಲಿ, ಉದ್ದಕ್ಕೂ ಟಾರು. 1904ರಿಂದ 1934ರವರೆಗೆ, ಬರೀ ಮೂವತ್ತು ವರ್ಷ ಓಡಿದ ಪುಟ್ಟ ರೈಲು. 1937ಕ್ಕೇ ಕಾಲುದಾರಿಯಾಯಿತು. ನಮ್ಮ ಕಡೆಯವರಿಗೆ ಇಲ್ಲೊಂದು ನೆಂಟಸ್ತಿಕೆ ಇದೆ. ಇದನ್ನು ಕಟ್ಟಿದ ಎಂಜಿನಿಯರ್ ಎವರಾರ್ಡ್ ಕ್ಯಾಲ್‌ಥ್ರಾಪ್ ಇದಕ್ಕೂ ಮುಂಚೆ ಮಹಾರಾಷ್ಟ್ರದ ಬಾರ್ಶಿ ಲೈಟ್ ರೈಲ್ವೆ ಕಟ್ಟಿದವರು. ಎರಡಕ್ಕೂ ಒಂದೇ ಅಳತೆ, ಎರಡೂವರೆ ಅಡಿ ಅಗಲದ ಹಳಿ. ಬಾರ್ಶಿ ರೈಲು ಆಮೇಲೆ ಪಂಢರಪುರ ದಾಟಿ ಮೀರಜ್‌ವರೆಗೂ ಬಂತು. ವಿಠ್ಠಲನ ದರ್ಶನಕ್ಕೆ ಹೋದ ಉತ್ತರ ಕರ್ನಾಟಕದ ಹಿರಿಯರು ಹತ್ತಿದ ಪುಟ್ಟ ರೈಲಿನ ತಮ್ಮ ಓಡುತ್ತಿದ್ದುದು ಈ ಸ್ಟಾಫರ್ಡ್‌ಶೈರ್ ಕಣಿವೆಯಲ್ಲಿ. ಆಫೀಸಿನ ಯಾವ ಇಂಗ್ಲಿಷ್ ಗೆಳೆಯನಿಗೂ ಇದು ಗೊತ್ತಿರಲಿಲ್ಲ, ಹೇಳುವಾಗ ನನಗೆ ಬಹಳ ಖುಷಿಯಾಯಿತು. ಒಂದು ಎಚ್ಚರಿಕೆ: ಸ್ವೇನ್ಸ್‌ಲಿ ಸುರಂಗದಲ್ಲಿ ಕಾರುಗಳೂ ಬರುತ್ತವೆ. ಲೈಟ್ ಹಾಕಿಕೊಳ್ಳಿ, ಮಕ್ಕಳನ್ನು ಎಡಕ್ಕೆ ಇಟ್ಟುಕೊಳ್ಳಿ.

ಕುದುರೆ ದಾರಿಗೆ ಹೋಗುವ ಮುಂಚೆ ಕಲ್ಲು ನೋಡಿ

ಪೀಕ್ ಡಿಸ್ಟ್ರಿಕ್ಟ್‌ನ ದಕ್ಷಿಣ ಭಾಗ ಸುಣ್ಣದ ಕಲ್ಲು, ವೈಟ್ ಪೀಕ್ ಅನ್ನುತ್ತಾರೆ. ಉತ್ತರ, ಪೂರ್ವ, ಪಶ್ಚಿಮದ ಅಂಚು ಒರಟು ಮರಳುಗಲ್ಲು, ಡಾರ್ಕ್ ಪೀಕ್. ಆಯ್ಕೆ ಮಾಡುವಾಗ ಜನ ಮೈಲಿ ನೋಡುತ್ತಾರೆ, ಏರು ನೋಡುತ್ತಾರೆ, ಕಲ್ಲನ್ನು ನೋಡುವುದಿಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದೇ ಅದು. ಮಳೆ ಬಿದ್ದ ಸುಣ್ಣದ ಕಲ್ಲು ಪಾಚಿ ಕಟ್ಟಿದ ಬಾವಿಕಟ್ಟೆಯ ಹಾಗೆ ಜಾರುತ್ತದೆ, ಎಂಥ ದುಬಾರಿ ಟೈರ್ ಇದ್ದರೂ ಅಷ್ಟೇ. ಮರಳುಗಲ್ಲು ಒದ್ದೆಯಾದರೂ ಹಿಡಿತ ಕೊಡುತ್ತದೆ. ಹಾಗಾಗಿ ಮಳೆ ನಿಂತ ಮರುದಿನ ಕಾಸಲ್‌ಟನ್ ಹತ್ತಿರದ ಕೇವ್‌ಡೇಲ್ ಕಡೆ ಇಳಿಯುವ ಯೋಚನೆ ಬೇಡ. ಅದೇ ದಿನ ಶೆಫೀಲ್ಡ್ ಪಕ್ಕದ ಹೌಂಡ್‌ಕರ್ಕ್ ರಸ್ತೆ ಚೆನ್ನಾಗಿರುತ್ತದೆ.

ಹೌಂಡ್‌ಕರ್ಕ್ ಹಳೆಯ ಗಾಡಿ ರಸ್ತೆ. ಅಗಲ ಇದೆ, ಕಲ್ಲು ಮರಳು ಇದೆ, ಕಡಿದಾದ ಏರಿಲ್ಲ. ಹಳಿ ದಾರಿ ಸಾಕಾಯಿತು, ಬೆಟ್ಟದ ರುಚಿ ನೋಡಬೇಕು ಅನ್ನುವವರು ಇಲ್ಲಿ ಶುರು ಮಾಡಲಿ. ಪೆಡಲ್ ಮೇಲೆ ನಿಂತು, ಮೊಣಕೈ ಸಡಿಲ ಬಿಟ್ಟು, ಸೈಕಲ್ ಕೆಳಗೆ ಕುಣಿಯಲು ಬಿಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಆಮೇಲೆ ಲೇಡಿಬವರ್, ಡರ್ವೆಂಟ್ ಜಲಾಶಯಗಳ ಪೂರ್ವ ದಡ. ಬ್ಯಾಮ್‌ಫರ್ಡ್ ಸ್ಟೇಷನ್‌ನಲ್ಲಿ ಇಳಿದರೆ ಥಾರ್ನ್‌ಹಿಲ್ ಟ್ರೇಲ್ ಸಿಗುತ್ತದೆ. ಅಣೆಕಟ್ಟಿಗೆ ಸಾಮಾನು ಸಾಗಿಸಿದ ರೈಲಿನ ಹಳೆಯ ದಾರಿ ಅದು.

ಅಲ್ಲಿಂದ ಮುಂದಿನ ಮೆಟ್ಟಿಲು ಕಟ್ ಗೇಟ್. ಡರ್ವೆಂಟ್ ಕಣಿವೆಯ ರೈತರು ಪೆನಿಸ್ಟನ್ ಸಂತೆಗೆ ದನಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಮೇಲೆ ಬಯಲೋ ಬಯಲು, ಹೆದರ್ ಹೂ ಬಿಡುವ ಆಗಸ್ಟ್‌ನಲ್ಲಿ ನೇರಳೆ ಬಣ್ಣ. ಒಣ ದಿನ ಈ ದೇಶದ ಅತಿ ಒಳ್ಳೆಯ ಸವಾರಿಗಳಲ್ಲಿ ಇದೂ ಒಂದು ಅಂತ ನಾನು ಖಂಡಿತ ಹೇಳುತ್ತೇನೆ. ಒದ್ದೆ ದಿನ ಹೋಗಬೇಡಿ. ನಿಮಗೆ ಕಷ್ಟ ಅನ್ನುವುದಕ್ಕಿಂತ ದಾರಿಗೆ ನಷ್ಟ. ಪೀಟ್, ಅಂದರೆ ಕೊಳೆತ ಗಿಡಗಳಿಂದಾದ ಮೆತ್ತನೆಯ ಕಪ್ಪು ಮಣ್ಣಿನಲ್ಲಿ ಚಕ್ರ ಕೊರೆದ ಗೀರಿನಲ್ಲಿ ನೀರು ಹರಿದು ವರ್ಷದೊಳಗೆ ಕಾಲುವೆಯಾಗುತ್ತದೆ. ಈಡೇಲ್ ಮೇಲಿನ ಜೇಕಬ್ಸ್ ಲ್ಯಾಡರ್ ಇಳಿಜಾರು ನುರಿತವರಿಗೆ ಮಾತ್ರ, ಅದೂ ಒಬ್ಬರೇ ಬೇಡ.

ಕುದುರೆ ಎದುರಾದರೆ ವೇಗ ತಗ್ಗಿಸಿ, ದೂರದಿಂದಲೇ ಹಲೋ ಅನ್ನಿ. ಕುದುರೆಗೆ ಬೆಲ್ಲಿನ ಸದ್ದಿಗಿಂತ ಮನುಷ್ಯರ ದನಿ ವಾಸಿ. ಕರುವಿನ ಜೊತೆ ಹಸು ಇದ್ದರೆ ಇಳಿದು, ಸುತ್ತಿ ಬಳಸಿ ಹೋಗಿ. ನಮ್ಮೂರ ಹಸುಗಳ ಸಾಧುತನ ನೆನೆದು ನಡುವೆ ನುಗ್ಗಬೇಡಿ. ತೆರೆದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ಮುಚ್ಚಿಯೇ ಹೋಗಿ.

ಈಗ ಸೈಕಲ್

ಹಳಿ ದಾರಿಗೆ ಮಾತ್ರ ಹೋಗುವುದಾದರೆ ಮೌಂಟನ್ ಬೈಕ್ ಬೇಡ. ಅಂಗಡಿಯವರು ಏನೇ ಹೇಳಲಿ. ಸಣ್ಣ ಜಲ್ಲಿಯ ಸಮ ದಾರಿಯಲ್ಲಿ ದಪ್ಪ ಟೈರ್ ಸುಮ್ನೆ ಎಳೆಯುತ್ತದೆ, ಸಸ್ಪೆನ್ಷನ್ ನಿಮ್ಮ ಬಲವನ್ನು ತಿನ್ನುತ್ತದೆ. 38ರಿಂದ 45 ಮಿಲಿಮೀಟರ್ ಟೈರ್ ಇರುವ ಹೈಬ್ರಿಡ್ ಅಥವಾ ಗ್ರಾವೆಲ್ ಸೈಕಲ್, ಅಂದರೆ ಟಾರಿಗೂ ಜಲ್ಲಿಗೂ ಆಗುವ ಸೈಕಲ್, ಸಾಕು. ಮಡ್‌ಗಾರ್ಡ್ ಹಾಕಿಸಿ. ಸುಣ್ಣದ ಜಲ್ಲಿ ಒದ್ದೆಯಾದರೆ ಬೆನ್ನೆಲ್ಲ ಬಿಳಿ ಗೆರೆ ಬೀಳುತ್ತದೆ, ಒಣಗಿದ ಮೇಲೆ ಚೈನಿಗೆ ಅಂಟಿ ತಿಕ್ಕುತ್ತದೆ.

ಬ್ರಿಡಲ್‌ವೇಗೆ ಹೋಗುವವರಿಗೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ನನ್ನ ಆಯ್ಕೆ. ಬೆಲೆ ಕಡಿಮೆ, ರಿಪೇರಿ ಕಡಿಮೆ, ಏರಿನಲ್ಲಿ ಹಗುರ. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವುದು ಜೇಕಬ್ಸ್ ಲ್ಯಾಡರ್‌ನಂಥ ಕಲ್ಲಿನ ಇಳಿಜಾರು ಮತ್ತೆ ಮತ್ತೆ ಇಳಿಯುವವರಿಗೆ. ಅದರ ಬೇರಿಂಗ್‌ಗಳನ್ನು ಇಲ್ಲಿನ ಕೆಸರು ಬೇಗ ತಿಂದು ಹಾಕುತ್ತದೆ. ದುಡ್ಡು ಸೀಮಿತ ಇದ್ದರೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್‌ಗೂ ಟೈರ್‌ಗೂ ಖರ್ಚು ಮಾಡಿ, ಫ್ರೇಮ್‌ನ ಹೆಸರಿಗಲ್ಲ. ಟೈರ್ 2.3 ಇಂಚಿನ ಸುಮಾರು ಇರಲಿ, ಗಾಳಿ ಕಲ್ಲಿರುವ ಕಡೆ ಸ್ವಲ್ಪ ಕಡಿಮೆ.

ಸಂಬಳದಲ್ಲಿ ತೆರಿಗೆಗೆ ಮುಂಚೆ ಕಡಿತ ಮಾಡುವ ಸೈಕಲ್ ಟು ವರ್ಕ್ ಯೋಜನೆ ನಿಮ್ಮ ಕಂಪನಿಯಲ್ಲಿದೆಯೇ ಕೇಳಿ. ಮುಖ್ಯವಾಗಿ ಕೆಲಸಕ್ಕೆ ಹೋಗಿಬರಲು ಅಂತ ಇರುವ ಯೋಜನೆ ಅದು. ಹಾಗಾಗಿ ಆಫೀಸಿಗೂ ಆಗುವ, ಶನಿವಾರ ಟಿಸಿಂಗ್‌ಟನ್‌ಗೂ ಆಗುವ ಗ್ರಾವೆಲ್ ಸೈಕಲ್ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಖರೀದಿಗೆ ಮುಂಚೆ ಎರಡು ಮೂರು ಸಲ ಬಾಡಿಗೆಗೆ ತಗೊಂಡು ನೋಡಿ. ಯಾವ ದಾರಿ ನಿಮ್ಮದು ಅಂತ ಆಗಲೇ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿದ್ದಾರೆ ಅಂದರೆ ಬ್ಯಾಟರಿ ಸೈಕಲ್ ಬಾಡಿಗೆಗೆ ತಗೊಳ್ಳಿ. 250 ವಾಟ್ ಮೀರದ, ಗಂಟೆಗೆ 15.5 ಮೈಲಿಗೆ ಮೋಟಾರು ನಿಲ್ಲುವ ಸೈಕಲ್‌ಗೆ ಲೈಸೆನ್ಸ್ ಬೇಡ. ಮಾಮೂಲಿ ಸೈಕಲ್ ಹೋಗುವಲ್ಲೆಲ್ಲ ಅದೂ ಹೋಗಬಹುದು. ಎಷ್ಟೋ ವರ್ಷ ಸೈಕಲ್ ಮುಟ್ಟದ ಹಿರಿಯರು ಮಾನ್ಸಲ್ ಮೇಲೆ ಆರಾಮಾಗಿ ಹೋಗುತ್ತಾರೆ. ಮೊದಲು ಪಾರ್ಕಿಂಗ್ ಜಾಗದಲ್ಲಿ ಬ್ರೇಕ್ ಅಭ್ಯಾಸ ಮಾಡಿಸಿ, ಸೀಟು ಕಾಲು ನೆಲಕ್ಕೆ ತಾಗುವಷ್ಟು ತಗ್ಗಿಸಿ.

ಎರಡನ್ನೂ ಸೇರಿಸಬಹುದು

ಒಂದೆರಡು ತಿಂಗಳು ಹಳಿ ದಾರಿ ತುಳಿದು ಕಾಲು ಗಟ್ಟಿಯಾದವರಿಗೆ ನಾನು ಕೊಡುವ ಸಲಹೆ, ಇದಾ ಅದಾ ಎಂಬ ಆಯ್ಕೆಯನ್ನೇ ಬಿಡಿ. ಪಾರ್ಸ್‌ಲಿ ಹೇಯಲ್ಲಿ ಹೊರಟು ಹೈ ಪೀಕ್ ಟ್ರೇಲ್ ಹಿಡಿದು ಉತ್ತರಕ್ಕೆ ಹೋಗಿ. ಡರ್ಬಿಶೈರ್‌ನಿಂದ ಕಂಬ್ರಿಯಾದವರೆಗೆ ಹೋಗುವ ಪೆನೈನ್ ಬ್ರಿಡಲ್‌ವೇ ಅದೇ ಹಳಿ ದಾರಿಯ ಮೇಲೆ ಸಾಗಿ, ಆಮೇಲೆ ಕವಲೊಡೆದು ಚೆಲ್ಮಾರ್ಟನ್ ಕಡೆಗೆ ತಿರುಗುತ್ತದೆ. ಕಲ್ಲುಗೋಡೆಗಳ ನಡುವೆ ಹುಲ್ಲುದಾರಿ, ಗೇಟುಗಳು, ಏರಿಳಿತ. ಕೊನೆಗೆ ಕಡಿದಾಗಿ ವೈ ಕಣಿವೆಗೆ ಇಳಿದು ಬ್ಲ್ಯಾಕ್‌ವೆಲ್ ಮಿಲ್ ಹತ್ತಿರ ಮಾನ್ಸಲ್ ಟ್ರೇಲ್ ಸೇರುತ್ತದೆ. ಅಲ್ಲಿಂದ ಸುರಂಗಗಳ ಮೂಲಕ ಬೇಕ್‌ವೆಲ್‌ವರೆಗೆ ಇಳಿಜಾರು. ಹಳಿ ದಾರಿಗಳು ದೂರ ಸಾಗಿಸುತ್ತವೆ, ನಡುವಿನ ತುಂಡು ಬೆಟ್ಟ ತೋರಿಸುತ್ತದೆ. ಹಾರ್ಡ್‌ಟೇಲ್ ಇದ್ದರೆ ಆರಾಮು, ದಪ್ಪ ಟೈರಿನ ಗ್ರಾವೆಲ್ ಇದ್ದರೂ ಒಣ ದಿನ ಆಗುತ್ತದೆ. ಆ ಕಡಿದು ಇಳಿಜಾರಿನಲ್ಲಿ ಇಳಿದು ನಡೆದರೆ ನಾಚಿಕೆಯೇನಿಲ್ಲ.

ಇದಕ್ಕೆ ಇಡೀ ದಿನ ಇಟ್ಟುಕೊಳ್ಳಿ. ಬೇಕ್‌ವೆಲ್‌ಗೆ ರೈಲಿಲ್ಲ. ಪಾರ್ಸ್‌ಲಿ ಹೇ ಕಡೆಗೇ ವಾಪಸ್ ಬರಬೇಕು, ಇಲ್ಲವೇ ಇನ್ನೊಂದು ಕಾರನ್ನು ಬೆಳಿಗ್ಗೆಯೇ ಬೇಕ್‌ವೆಲ್‌ನಲ್ಲಿ ಬಿಟ್ಟಿರಬೇಕು. ಪಂಚರ್ ಸಾಮಾನು, ಪಂಪು, ಎರಡು ಟ್ಯೂಬ್, ಮಳೆ ಜಾಕೆಟ್, ನೀರು ತಪ್ಪದೆ ಇರಲಿ. ಬುತ್ತಿಗೆ ಪುಳಿಯೋಗರೆ ವಾಸಿ, ಚೀಲದಲ್ಲಿ ಎಷ್ಟು ಕುಲುಕಾಡಿದರೂ ಕೆಡುವುದಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೆ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಈ ಸವಾರಿಗೆ ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ಒಂದು ಒಣ ವಾರದ ದಿನ ಸಿಕ್ಕರೆ, ಆಫೀಸಿಗೆ ರಜೆ ಹಾಕಿಯಾದರೂ ಹೋಗಿ ಬನ್ನಿ.